ಪಂಕ್ತಿಯಿಂದ ಹೇಳದೆ ಎದ್ದವರು

ಹೋದ ವಾರ ಕಾಪುವಿನಲ್ಲಿ ಸಂಜೆಗೆ ಸಿಡಿಲು ಮಳೆ. ಮರುದಿನ ಬೆಳಿಗ್ಗೆ ದಾಸವಾಳದ ಬೇಲಿಯ ಆಚೆಯಿಂದ ಶೆಟ್ರು ಕರೆದರು.

"ಮಾರಾಯ್ರೇ, ಇದೊಂದು ಕೇಳಿ. ಮಗ ಮನೆಯಲ್ಲೇ ಕೂತು ಬೆಂಗಳೂರಿನ ಕಂಪ್ಯೂಟರಿಗೆ ಲಾಗಿನ್ ಆಗಿ ಕೆಲಸ ಮಾಡುವುದಲ್ವಾ? ನಿನ್ನೆ ಕರೆಂಟು ಹೋಗಿ ನೆಟ್ ಕಟ್ಟಾಯ್ತು. ಇವತ್ತು ನೋಡಿದರೆ ಅಲ್ಲಿ ಇವನ ಹೆಸರು ಇನ್ನೂ ಒಳಗೇ ಉಂಟಂತೆ! ಹೇಗೆ ಅದು?"

ನನಗೆ ಹಳೆಯ ಮಣಿಪಾಲ ನೆನಪಾಯಿತು. ತೊಂಬತ್ತರ ದಶಕದಲ್ಲಿ ಅಲ್ಲಿನ ಒಂದು ಕಚೇರಿಯ ಯುನಿಕ್ಸ್ ಯಂತ್ರವನ್ನು ನಾನು ನೋಡಿಕೊಳ್ಳುತ್ತಿದ್ದೆ. ಕಾರ್ಕಳದವರು ಮೋಡೆಮಿನಿಂದ ಫೋನು ಹಚ್ಚಿ ಅದರೊಳಗೆ ಬರುತ್ತಿದ್ದರು. ವಿಎಸ್‌ಎನ್‌ಎಲ್‌ನ ಇಂಟರ್ನೆಟ್ ಜನರಿಗೆ ಸಿಕ್ಕಿದ್ದೇ 1995ರ ಆಗಸ್ಟ್ 15ರಂದು, ಅದೂ ಮೊದಲಿಗೆ ದೊಡ್ಡ ನಗರಗಳಲ್ಲಿ. ನಮಗೆ ಫೋನಿನ ತಾಮ್ರದ ತಂತಿಯೇ ದಾರಿ. ಮಳೆಗಾಲದಲ್ಲಿ ತೆಂಗಿನ ಮಡಲು ತಂತಿಯ ಮೇಲೆ ಬೀಳುವುದು, ಜಾಯಿಂಟಿಗೆ ನೀರಿಳಿಯುವುದು, ಗೊರಗೊರ ಸದ್ದು, ಲೈನ್ ಕಟ್. ಸಿಡಿಲು ಶುರುವಾದರೆ ಮೋಡೆಮ್ ಸುಟ್ಟೀತೆಂದು ನಾವೇ ತಂತಿ ಕಿತ್ತಿಡುತ್ತಿದ್ದೆವು. ಸಂಜೆ 'ಹೂ' ಎಂಬ ಆಜ್ಞೆ ಕೊಟ್ಟು ಯಾರ್ಯಾರು ಒಳಗಿದ್ದಾರೆಂದು ನೋಡಿದರೆ ಕಾರ್ಕಳದ ಒಬ್ಬರ ಹೆಸರೇ ಮೂರು ಸಲ. ಅವರು ಆಗಲೇ ಬಸ್ಸು ಹಿಡಿದು ಮನೆ ಸೇರಿರುತ್ತಿದ್ದರು. ಇತ್ತ ಯಂತ್ರಕ್ಕೆ ಏದುಸಿರು.

"ಅವರಿಲ್ಲದೆ ಹೆಸರು ಮಾತ್ರ ಹೇಗೆ ಉಳಿಯುತ್ತದೆ?" ಶೆಟ್ರು ಕೇಳಿದರು.

"ಮಠದ ಪಂಕ್ತಿಯಲ್ಲಿ ಕರೆಂಟು ಹೋದಾಗ ಒಬ್ಬ ಹೇಳದೆ ಎದ್ದು ಹೋದ ಎಂದಿಟ್ಟುಕೊಳ್ಳಿ. ಬಡಿಸುವವರಿಗೆ ಎಲೆ ಉಂಟೆಂದು ಗೊತ್ತು, ಆಳಿಲ್ಲವೆಂದು ಗೊತ್ತಿಲ್ಲ. 'ಸಾರು ಬಡಿಸಲಾ?' ಎಂದು ಕೇಳಿ ಕಾಯುತ್ತಾರೆ. ಕೆಲವು ಪ್ರೋಗ್ರಾಮುಗಳಿಗೆ ಕಾಯಲಿಕ್ಕೂ ಬರುವುದಿಲ್ಲ. ಸೆಕೆಂಡಿಗೆ ಸಾವಿರಾರು ಸಲ ಅದನ್ನೇ ಕೇಳುತ್ತವೆ. ಉಳಿದ ಪಂಕ್ತಿಗೆ ಅನ್ನವೇ ಬರುವುದಿಲ್ಲ."

ಲೈನ್ ಕಡಿಯಿತೆಂದು ಯಂತ್ರಕ್ಕೆ ಹೇಳಬೇಕಾದದ್ದು ಮೋಡೆಮ್. ಅದಕ್ಕೆಂದೇ ಕ್ಯಾರಿಯರ್ ಡಿಟೆಕ್ಟ್ ಎಂಬ ಒಂದು ತಂತಿ. ಆ ಸುದ್ದಿ ಬಂದರೆ ಯುನಿಕ್ಸ್ ಆ ಸೆಷನ್ನಿಗೆ 'ಹ್ಯಾಂಗಪ್' ಸಂಕೇತ ಕಳಿಸುತ್ತದೆ. ಸಂಕೇತಗಳ ಪಟ್ಟಿಯಲ್ಲಿ ಅದರ ಸಂಖ್ಯೆ 1. ನಮ್ಮ ಮೋಡೆಮನ್ನು ಯಾರೋ 'ಆಂಪರ್ಸಂಡ್ ಸಿ 0' ಎಂದು ಹೊಂದಿಸಿದ್ದರು. ಲೈನ್ ಇರಲಿ, ಇಲ್ಲದಿರಲಿ, 'ಇದೆ' ಎಂದೇ ಅದರ ಉತ್ತರ. ಅಪಾಯ ಅಲ್ಲಿಗೇ ಮುಗಿಯಲಿಲ್ಲ. ಮುಂದೆ ಫೋನು ಹಚ್ಚಿದವನು ಪಾಸ್‌ವರ್ಡ್ ಇಲ್ಲದೆಯೇ ಹಿಂದಿನವನ ಸೆಷನ್ನಿಗೆ ಬಂದು ಬೀಳುವುದೂ ಇತ್ತು. 'ಸಿ 1' ಮಾಡಿದೆ. ಲಾಗೌಟ್ ಆದೊಡನೆ ಮೋಡೆಮ್ ಫೋನು ಇಡಲಿ ಎಂದು 'ಡಿ 2' ಕೂಡ ಹಾಕಿದೆ. ಅರ್ಧ ಕಾಯಿಲೆ ವಾಸಿಯಾಯಿತು.

ಉಳಿದದ್ದು ಹ್ಯಾಂಗಪ್ಪನ್ನು ಕಿವಿಗೆ ಹಾಕಿಕೊಳ್ಳದ ಪ್ರೋಗ್ರಾಮುಗಳು. 'ಪಿಎಸ್' ಕೊಟ್ಟು ಅವನ್ನು ಹುಡುಕಿ 'ಕಿಲ್' ಮಾಡಬೇಕು. ಅದಕ್ಕೂ ಒಂದು ಕ್ರಮ ಉಂಟು: ಮೊದಲು 1, ಕೇಳದಿದ್ದರೆ 15, ಕಟ್ಟಕಡೆಗೆ 9. ವಿಐ ಎಡಿಟರಿಗೆ 1 ಕೊಟ್ಟರೆ ಬರೆದದ್ದನ್ನು ಉಳಿಸಿಟ್ಟೇ ಹೋಗುತ್ತದೆ, ಮರುದಿನ ಹಿಂದಕ್ಕೆ ಪಡೆಯಬಹುದು. 9 ಆ ಅವಕಾಶವನ್ನೇ ಕೊಡುವುದಿಲ್ಲ. ಆತುರಪಟ್ಟು 9 ಒತ್ತಿದರೆ ಇನ್ನೊಬ್ಬರ ಇಡೀ ದಿನದ ಕೆಲಸ ಹಾಳು.

"ಈಗ ಫೈಬರ್ ಬಂತಲ್ಲ?"

"ಫೈಬರಾದರೂ ಅಷ್ಟೇ. ಹೇಳದೆ ಹೋದವನಿಗಾಗಿ ಆ ಕಡೆ ಕಾಯುತ್ತದೆ. ಲಿನಕ್ಸ್ ತಾನಾಗಿ 'ಇದ್ದೀರಾ?' ಎಂದು ಕೇಳಲಿಕ್ಕೆ 7200 ಸೆಕೆಂಡು, ಅಂದರೆ 2 ಗಂಟೆ ಬೇಕು. ಅದೂ ಪ್ರೋಗ್ರಾಮು ಮೊದಲೇ ಕೇಳಿಕೊಂಡಿದ್ದರೆ. ಅಷ್ಟು ಕಾಯದೆ ಬೇಗ ಕೇಳುವಂತೆ, ಮಗನ ಸರ್ವರ್ ನೋಡಿಕೊಳ್ಳುವವರಿಗೆ 'ಕ್ಲೈಂಟ್ ಅಲೈವ್ ಇಂಟರ್ವಲ್' ಹೊಂದಿಸಲು ಹೇಳಿ. ಗಂಟೆಗಟ್ಟಲೆ ನಡೆಯುವ ಕೆಲಸವಾದರೆ ಟಿಮಕ್ಸ್ ಎಂಬ ಪ್ರೋಗ್ರಾಮಿನ ಒಳಗೆ ಇಡಲಿ. ಲೈನ್ ಹೋದರೂ ಕೆಲಸ ನಡೆಯುತ್ತದೆ, ತಿರುಗಿ ಬಂದು ಮುಂದುವರಿಸಬಹುದು."

ಶೆಟ್ರು ತಲೆದೂಗಿ, "ಬರ್ತೇನೆ ಹಾಗಾದ್ರೆ" ಎಂದು ಒಳಗೆ ಹೋದರು.

ಆ ಮಾತೇ ಸಾಕು. ನಮ್ಮೂರಲ್ಲಿ ಯಾರ ಮನೆಯಿಂದಲೂ 'ಬರ್ತೇನೆ' ಎನ್ನದೆ ಹೊರಡುವ ಕ್ರಮವಿಲ್ಲ. ದೂರದ ಕಂಪ್ಯೂಟರಿಗೂ ಅದೇ ಮರ್ಯಾದೆ ಸಲ್ಲಬೇಕು. ಕಿಟಕಿ ಮುಚ್ಚಿ ಏಳಬೇಡಿ, ಲಾಗೌಟ್ ಮಾಡಿ. ಮಳೆಗೆ ಲೈನ್ ಕಡಿದರೆ, ಮತ್ತೆ ಸಿಕ್ಕಿದ ಕೂಡಲೇ ಮೊದಲು ಹಳೆಯ ಸೆಷನ್ ಮುಚ್ಚಿ, ಆಮೇಲೆ ಹೊಸ ಕೆಲಸ ಹಿಡಿಯಿರಿ.