ಫ್ರಾನ್ಸಿನಲ್ಲಿ ಕ್ಯಾಮೆರಾ ಹಿಡಿದವರಿಗೆ ರಾಯಚೂರಿನಿಂದ ಬಹಿರಂಗ ಪತ್ರ

ಅಮೆರಿಕ ಸೇನೆಯ ಸಿಗ್ನಲ್ ಕೋರ್‌ನ ಛಾಯಾಗ್ರಾಹಕರಿಗೆ,



1944ರ ಜೂನ್‌ನಿಂದ ಫ್ರಾನ್ಸಿನ ನೆಲದಲ್ಲಿ ನಿಮ್ಮ ಸೈನಿಕರ ಬೆನ್ನಿಗೇ ನಡೆದು ನೀವು ತೆಗೆದ ಚಿತ್ರಗಳನ್ನು ಇವತ್ತು ರಾಯಚೂರಿನವರೂ ಮೊಬೈಲಿನಲ್ಲಿ ನೋಡಬಹುದು. ನಾರ್ಮಂಡಿಯ ಬೇಲಿಸಾಲುಗಳ ಮರೆಯಲ್ಲಿ ಬಗ್ಗಿ ಓಡುವ ಹುಡುಗರು, ನೆಲಸಮವಾದ ಸೇಂಟ್ ಲೋ ಪಟ್ಟಣ, ಆಗಸ್ಟ್ 29ರಂದು ಪ್ಯಾರಿಸ್ಸಿನ ದೊಡ್ಡ ಬೀದಿಯಲ್ಲಿ ಸಾಲುಸಾಲಾಗಿ ನಡೆದುಹೋದ 28ನೇ ಪದಾತಿ ಡಿವಿಷನ್. ಆ ಊರುಗಳಿಗೂ ನಮಗೂ ಯಾವ ಸಂಬಂಧವೂ ಇಲ್ಲ. ಆದರೂ ಅವುಗಳ 1944 ನಮಗೆ ಕಣ್ಣಾರೆ ಗೊತ್ತು. ನಮ್ಮ ಮಾನ್ವಿಯ, ದೇವದುರ್ಗದ 1948 ಮಾತ್ರ ಹಾಗೆ ಗೊತ್ತಿಲ್ಲ. ಅದಕ್ಕಾಗಿಯೇ ಈ ಪತ್ರ.

ನಿಮ್ಮ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ. ನಿಮ್ಮ ಕೈಯಲ್ಲಿದ್ದದ್ದು ಕೀಲಿ ತಿರುಗಿಸಿ ಓಡಿಸುವ ಐಮೋ ಕ್ಯಾಮೆರಾ. ಒಂದು ಸಲಕ್ಕೆ ಹಿಡಿಯುತ್ತಿದ್ದದ್ದು ನೂರು ಅಡಿ ಫಿಲ್ಮು, ಅಂದರೆ ಒಂದು ನಿಮಿಷಕ್ಕಿಂತ ತುಸು ಹೆಚ್ಚಿನ ಚಿತ್ರ. ಅಷ್ಟರಲ್ಲೇ ನೀವು ಸಣ್ಣ ಪಾಟಿಯೊಂದನ್ನು ಮುಂದೆ ಹಿಡಿದು ನಿಮ್ಮ ಹೆಸರು, ತಾರೀಖು, ಜಾಗವನ್ನೂ ಚಿತ್ರಿಸುತ್ತಿದ್ದಿರಿ. ಆ ಪಾಟಿಯಿಂದಲೇ ನಿಮ್ಮ ಚಿತ್ರ ದಾಖಲೆಯಾಯಿತು. ನಿಮ್ಮ ಸರ್ಕಾರ ಅವನ್ನು ರಾಷ್ಟ್ರೀಯ ಪತ್ರಾಗಾರದಲ್ಲಿ ಕಾದಿಟ್ಟಿತು. ಸರ್ಕಾರಿ ನೌಕರರು ಕರ್ತವ್ಯದಲ್ಲಿ ತೆಗೆದ ಚಿತ್ರಕ್ಕೆ ನಿಮ್ಮ ದೇಶದಲ್ಲಿ ಹಕ್ಕುಸ್ವಾಮ್ಯವೂ ಇಲ್ಲ. ಹಾಗಾಗಿ ಅದು ಎಲ್ಲರ ಆಸ್ತಿ.

ಆ ಚಿತ್ರಗಳಲ್ಲಿ ಏನಿಲ್ಲ ಎಂಬುದನ್ನೂ ನಾವು ಕಲಿಯಬೇಕಾಗಿದೆ. ಐಮೋಗೆ ಧ್ವನಿ ಹಿಡಿಯುವ ಶಕ್ತಿ ಇರಲಿಲ್ಲ. ಇವತ್ತು ಆ ತುಣುಕುಗಳ ಜೊತೆ ಕೇಳಿಸುವ ಗುಂಡಿನ ಸದ್ದು ಆಮೇಲೆ ಸೇರಿಸಿದ್ದು. ನೀವು ತೆಗೆದದ್ದೆಲ್ಲ ಸೇನೆಯ ಪರಿಶೀಲಕರ ಕೈ ದಾಟಿಯೇ ಜನರ ಮುಂದೆ ಬರಬೇಕಿತ್ತು. ಸತ್ತು ಬಿದ್ದ ಅಮೆರಿಕದ ಸೈನಿಕರ ಚಿತ್ರ ಪತ್ರಿಕೆಯಲ್ಲಿ ಅಚ್ಚಾಗಲು ನಿಮ್ಮ ಜನ 1943ರ ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು. 1944ರ ಆಗಸ್ಟ್‌ನಿಂದ ನವೆಂಬರ್‌ವರೆಗೆ ಹಗಲೂ ರಾತ್ರಿ ಲಾರಿ ಓಡಿಸಿ ಮುಂಚೂಣಿಗೆ ಎಣ್ಣೆ, ಮದ್ದುಗುಂಡು ಮುಟ್ಟಿಸಿದ ರೆಡ್ ಬಾಲ್ ಎಕ್ಸ್‌ಪ್ರೆಸ್‌ನ ಚಾಲಕರಲ್ಲಿ ಮುಕ್ಕಾಲು ಪಾಲು ಕಪ್ಪು ಸೈನಿಕರು. ಜನ ನೆನಪಿಟ್ಟುಕೊಂಡ ವಿಜಯದ ಚಿತ್ರಗಳಲ್ಲಿ ಅವರ ಮುಖ ವಿರಳ. ನಾರ್ಮಂಡಿಯ ಕಾಳಗದಲ್ಲಿ ಸತ್ತ ಸುಮಾರು 20,000 ಫ್ರೆಂಚ್ ನಾಗರಿಕರ ಕಥೆ ಹೂಮಳೆಯ ದೃಶ್ಯಗಳ ಹಿಂದೆಯೇ ಉಳಿಯಿತು. ಸೇನೆಯ ಕ್ಯಾಮೆರಾ ಸೇನೆ ಹೋದ ದಾರಿಯಲ್ಲಿ ಹೋಗುತ್ತದೆ. ಊರಿನ ಒಳಗಿನ ಮಾತನ್ನು ಊರಿನವರೇ ಬರೆದಿಡಬೇಕು.

ಈಗ ನಮ್ಮ ಕಥೆಗೆ ಬರುತ್ತೇನೆ. ನೀವು ಪ್ಯಾರಿಸ್ ಸೇರಿದ ನಾಲ್ಕು ವರ್ಷಕ್ಕೆ, 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನದೊಳಗೆ ಕಾಲಿಟ್ಟಿತು. ರಾಯಚೂರು ಆಗ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಆಳ್ವಿಕೆಯ ಜಿಲ್ಲೆ. ದೇಶಕ್ಕೆ ಸ್ವಾತಂತ್ರ್ಯ ಬಂದು ವರ್ಷ ಕಳೆದಿದ್ದರೂ ನಮಗೆ ಬಂದಿರಲಿಲ್ಲ. ನಿಜಾಮರ ಪರ ನಿಂತ ಖಾಸಿಂ ರಜ್ವಿಯ ಖಾಸಗಿ ಪಡೆ ರಜಾಕಾರರು ಹಳ್ಳಿಗಳ ಮೇಲೆ ಬೀಳುತ್ತಿದ್ದರು. ಮುಂಡರಗಿ, ಗಜೇಂದ್ರಗಡದ ಶಿಬಿರಗಳಿಂದ ನಮ್ಮ ಹೋರಾಟಗಾರರು ಗಡಿ ದಾಟಿ ಬಂದು ಎದುರಿಸುತ್ತಿದ್ದರು. ಸೆಪ್ಟೆಂಬರ್ 17ಕ್ಕೆ ಎಲ್ಲ ಮುಗಿಯಿತು. ಸೇನೆಯ ಆ ಕಾರ್ಯಾಚರಣೆಯನ್ನು ನಮ್ಮ ಹಿರಿಯರು ಇಂದಿಗೂ ಪೊಲೀಸ್ ಆ್ಯಕ್ಷನ್ ಎನ್ನುತ್ತಾರೆ. ಪ್ರತಿ ವರ್ಷ ಆ ದಿನ ಬಂದಾಗ ನಮಗೆ ತೋರಿಸುವುದು ಅದೇ ಚಿತ್ರ: ಮರುದಿನ ನಿಜಾಮರ ಸೇನೆಯ ಜನರಲ್ ಎಲ್ ಎದ್ರೂಸ್ ಅವರು ಭಾರತದ ಸೇನೆಯ ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ಮುಂದೆ ಶರಣಾದದ್ದು. ಇಬ್ಬರು ಸೇನಾಪತಿಗಳು, ಇಬ್ಬರ ಸಮವಸ್ತ್ರ. ನಮ್ಮ ಊರಿನ ಒಬ್ಬ ಅಜ್ಜನೂ ಅದರಲ್ಲಿ ಇಲ್ಲ.

ಆ ಐದು ದಿನಗಳಷ್ಟೇ ನಮ್ಮ 1948 ಅಲ್ಲ. ಮಾನ್ವಿಯ ಸೀಮೆ ತುಂಗಭದ್ರೆಯ ದಂಡೆಯದು. ಹೊಳೆಯ ಆಚೆ ಆಗ ಮದ್ರಾಸ್ ಪ್ರಾಂತ್ಯ. ಆದೋನಿಯೂ ಮಂತ್ರಾಲಯವೂ ಆ ಕಡೆ. ಹೊಳೆ ದಾಟಿದರೆ ನಿಜಾಮರ ರಾಜ್ಯ ಮುಗಿದು ಸ್ವತಂತ್ರ ಭಾರತ ಶುರುವಾಗುತ್ತಿತ್ತು. ದೇವದುರ್ಗದ ಜನರಿಗೆ ಆ ದಾರಿ ಇರಲಿಲ್ಲ. ಅವರ ಹೊಳೆ ಕೃಷ್ಣೆ. ಅದನ್ನು ದಾಟಿದರೂ ಸಿಗುತ್ತಿದ್ದದ್ದು ಸುರಪುರ, ಅದೂ ನಿಜಾಮರದೇ. ಒಂದೇ ಜಿಲ್ಲೆಯ ಎರಡು ತಾಲ್ಲೂಕುಗಳಿಗೆ ಒಂದೇ ಭಯ ಎರಡು ಬಗೆಯಲ್ಲಿ ಬಂದಿತು. ಯಾವ ಹರಿಗೋಲಿನವರು ಯಾರನ್ನು ದಾಟಿಸಿದರು, ಊರು ಬಿಟ್ಟವರು ಹಗೇವಿನ ಜೋಳವನ್ನು ಯಾರಿಗೆ ಒಪ್ಪಿಸಿ ಹೋದರು, ಬಾರದೆ ಉಳಿದವರು ಎಷ್ಟು ಮಂದಿ? ಇದನ್ನು ಯಾವ ಸೇನೆಯ ಕ್ಯಾಮೆರಾವೂ ಕೇಳುವುದಿಲ್ಲ. ಕೇಳಬೇಕಾದವರು ನಾವು.

ಇನ್ನೊಂದು ಮಾತನ್ನೂ ನಾವು ನುಂಗಬಾರದು. ಸೇನೆ ಬಂದ ಮೇಲೆ ಸಂಸ್ಥಾನದ ಹಲವು ಕಡೆ ಮುಸ್ಲಿಂ ಕುಟುಂಬಗಳ ಮೇಲೆ ಸೇಡು ತೀರಿಸಿಕೊಳ್ಳಲಾಯಿತು. ನೆಹರೂ ಕಳುಹಿಸಿದ ಪಂಡಿತ್ ಸುಂದರಲಾಲ್ ಸಮಿತಿ ಆ ವರ್ಷದ ಕೊನೆಯಲ್ಲಿ ಸಂಸ್ಥಾನ ಸುತ್ತಿ, ಪೊಲೀಸ್ ಆ್ಯಕ್ಷನ್ ವೇಳೆ ಮತ್ತು ಆಮೇಲೆ 27,000ದಿಂದ 40,000 ಜನ ಸತ್ತಿರಬಹುದೆಂದು ಅಂದಾಜು ಮಾಡಿತು. ಹೆಚ್ಚು ನೊಂದ ಜಿಲ್ಲೆಗಳಲ್ಲಿ ನಮ್ಮ ನೆರೆಯ ಕಲಬುರಗಿಯೂ ಬೀದರವೂ ಇದ್ದವು. ಆ ವರದಿ ದಶಕಗಳ ಕಾಲ ಜನರ ಮುಂದೆ ಬರಲಿಲ್ಲ. ರಜಾಕಾರರಿಗೆ ಹೆದರಿ ಓಡಿದ ಅಜ್ಜಿಯ ನೆನಪೂ ಸೇಡಿಗೆ ಹೆದರಿ ಬಾಗಿಲು ಹಾಕಿಕೊಂಡ ಅಜ್ಜಿಯ ನೆನಪೂ ನಮ್ಮದೇ. ಒಂದನ್ನು ಬರೆದುಕೊಂಡು ಇನ್ನೊಂದನ್ನು ಬಿಟ್ಟರೆ ನಾವೂ ನಿಮ್ಮ ಪರಿಶೀಲಕರ ಕೆಲಸವನ್ನೇ ಮಾಡಿದಂತೆ.

ಕಾಗದದ ದಾಖಲೆಗಳನ್ನು ನಂಬಿ ಕೂರುವ ಹಾಗೂ ಇಲ್ಲ. ನಿಜಾಮರ ಆಡಳಿತದ ಕಡತಗಳು ಹೈದರಾಬಾದಿನ ತಾರ್ನಾಕದ ಪತ್ರಾಗಾರದಲ್ಲಿವೆ. ಬಹುಪಾಲು ಉರ್ದುವಿನಲ್ಲಿ, ಹಳೆಯವು ಫಾರಸಿಯಲ್ಲಿ. ನಮ್ಮ ಮನೆಗಳ ಟ್ರಂಕಿನಲ್ಲಿರುವ ಜಮೀನಿನ ಕಾಗದವನ್ನೇ ಮೊಮ್ಮಕ್ಕಳು ಓದಲಾರರು. ದರ್ಬಾರಿನ ಚಿತ್ರಗಳಿಗೇನೂ ಕೊರತೆಯಿಲ್ಲ. ಆರನೆಯ ನಿಜಾಮರ ಕಾಲದಲ್ಲೇ ಲಾಲಾ ದೀನ್ ದಯಾಳ್ ಅವರಂಥ ಹೆಸರಾಂತ ಛಾಯಾಗ್ರಾಹಕರು ಆಸ್ಥಾನದಲ್ಲಿದ್ದರು. ಜೋಳ ಬೆಳೆದವರ ಮುಂದೆ ಯಾರೂ ಕ್ಯಾಮೆರಾ ಇಡಲಿಲ್ಲ.

ದುಡಿದವರನ್ನು ಚಿತ್ರಿಸುವ ರೂಢಿ ನಮ್ಮ ನೆಲಕ್ಕೆ ಹೊಸದೇನಲ್ಲ. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ, ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಅಂಥ ಕಲ್ಲನ್ನು ಬಂಡಿಯ ಮೇಲೆ ಹೇರಿ, ಸಾಲು ಕೋಣಗಳನ್ನು ಹೂಡಿ, ಜನ ದೂಡಿಕೊಂಡು ತಂದದ್ದನ್ನೂ ಅಲ್ಲಿ ಕೆತ್ತಿದ್ದಾರೆ. ಕಟ್ಟಿಸಿದ ಒಡೆಯನ ಹೆಸರಿನ ಜೊತೆಗೆ ಎಳೆದವರ ಬೆವರಿಗೂ ಆ ಗೋಡೆಯಲ್ಲಿ ಜಾಗ ಸಿಕ್ಕಿತು. ಏಳುನೂರು ವರ್ಷದ ಹಿಂದೆ ಉಳಿಯಿಂದ ಮಾಡಿದ್ದನ್ನು ಇವತ್ತು ಕೈಯಲ್ಲಿನ ಫೋನಿನಿಂದ ಮಾಡುವುದು ಕಷ್ಟವಲ್ಲ.

ಸಮಯ ಮಾತ್ರ ಇಲ್ಲ. 1948ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತರ ಹತ್ತಿರ ಬಂದಿದ್ದಾರೆ. ಈ ಪತ್ರ ನಿಮ್ಮ ಹೆಸರಿಗಿದ್ದರೂ ಓದುವವರು ನಮ್ಮವರೇ. ಅವರಿಗೇ ನೇರವಾಗಿ ಕೇಳಿಕೊಳ್ಳುತ್ತೇನೆ.

ರಾಯಚೂರು, ದೇವದುರ್ಗ, ಮಾನ್ವಿಯ ಕಾಲೇಜು ಹುಡುಗ ಹುಡುಗಿಯರೇ, ನಿಮ್ಮ ಓಣಿಯ ಹಿರಿಯರ ಮುಂದೆ ಕೂತು ಅವರ ಮಾತನ್ನು ಚಿತ್ರೀಕರಿಸಿ. ಮೊದಲು ಅವರ ಒಪ್ಪಿಗೆ ಕೇಳಿ. ಸಿಗ್ನಲ್ ಕೋರ್‌ನವರಂತೆ ಪಾಟಿಯ ಮೇಲೆ ಹೆಸರು, ಊರು, ತಾರೀಖು ಬರೆದು ಮೊದಲು ಅದನ್ನೇ ತೋರಿಸಿ. ಅಮೆರಿಕದ ಕ್ಯಾಮೆರಾಕ್ಕೆ ಸಿಗದಿದ್ದ ಧ್ವನಿ ನಿಮಗೆ ಸಿಗುತ್ತದೆ. ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿ, ಹಿನ್ನೆಲೆ ಸಂಗೀತ ಹಾಕಬೇಡಿ, ಕತ್ತರಿಸಬೇಡಿ. ಉರ್ದುವಿನಲ್ಲಿ ಹೇಳಿದರೆ ಉರ್ದುವಿನಲ್ಲೇ ಇರಲಿ, ತೆಲುಗಿನಲ್ಲಿ ಹೇಳಿದರೆ ತೆಲುಗಿನಲ್ಲೇ. ಎಲ್ಲ ಕೇರಿಗಳಿಗೂ ಹೋಗಿ. ಮನೆಯ ಗಂಡಸರು ಮಾತಾಡಿ ಮುಗಿಸಿದ ಮೇಲೆ ಒಳಗಿರುವ ಅಜ್ಜಿಯನ್ನೂ ಕರೆಯಿರಿ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯವರೇ, ಈ ಭಾಗಕ್ಕೆ ಸಂವಿಧಾನದ 371(ಜೆ) ವಿಧಿ ಬಂದದ್ದು ಹಿಂದುಳಿದ ಬದುಕನ್ನು ಸರಿಪಡಿಸಲಿಕ್ಕೆ. ನೆನಪಿನ ದಾಖಲೆಯಲ್ಲೂ ನಾವು ಹಿಂದುಳಿದಿದ್ದೇವೆ. ತಾಲ್ಲೂಕಿಗೊಂದು ಚಿತ್ರದಾಖಲೆಯ ಕೋಣೆ, ಉರ್ದು ಕಾಗದ ಓದಿ ಕನ್ನಡಕ್ಕೆ ತರುವ ಒಬ್ಬೊಬ್ಬರು ನೌಕರರು, ಯಾರು ಬೇಕಾದರೂ ಉಚಿತವಾಗಿ ನೋಡುವ ವ್ಯವಸ್ಥೆ, ಇಷ್ಟಕ್ಕೆ ಹಣ ಕೊಡಿ.

ಮುಂದಿನ ಸೆಪ್ಟೆಂಬರ್ 17ರ ಸಮಾರಂಭದಲ್ಲಿ, ಧ್ವಜ ಏರಿದ ಮೇಲೆ ಮತ್ತು ಭಾಷಣ ಶುರುವಾಗುವ ಮೊದಲು, ಆಯಾ ಊರಿನ ಒಬ್ಬ ಹಿರಿಯರ ಹತ್ತು ನಿಮಿಷದ ಮಾತನ್ನು ತೆರೆಯ ಮೇಲೆ ಹಾಕಿ. ಅದಕ್ಕೆ ಬೇಕಾದ ಚಿತ್ರೀಕರಣ ಈ ವಾರವೇ ಶುರುವಾಗಬೇಕು.

ಇಂತಿ,
ರಾಯಚೂರಿನ ಒಬ್ಬ ನಾಗರಿಕ