ಮನೆಹೆಸರು ಕೇಳಿದ ವೈಫೈ

ನಮ್ಮಪ್ಪ ತಿಪಟೂರು ಕಡೆಯ ಒಂದು ಸಬ್ ಪೋಸ್ಟಾಫೀಸಿನಲ್ಲಿ ಪೋಸ್ಟ್‌ಮಾಸ್ಟರಾಗಿ ನಿವೃತ್ತರಾದವರು. ವಿಳಾಸ ಎಷ್ಟು ತಪ್ಪಿದ್ದರೂ ಕಾಗದ ತಲುಪಲೇಬೇಕು ಎಂಬುದು ಅವರ ಪಂಥ. ನಾನು ಅರಿಜೋನಾದ ಚಾಂಡ್ಲರ್‌ನಲ್ಲಿ ಚಿಪ್ ಇಂಜಿನಿಯರು. ವಿಳಾಸದಲ್ಲಿ ಒಂದು ಅಂಕಿ ತಪ್ಪಿದರೂ ಏನೂ ತಲುಪಕೂಡದು ಎಂಬುದು ನನ್ನ ಪಂಥ. ಈ ಎರಡು ಪಂಥಗಳೂ ಹೋದ ಬೇಸಿಗೆಯಲ್ಲಿ ಒಂದು ಮೋಟೆಲ್ಲಿನ ವೈಫೈ ಮುಂದೆ ಎದುರುಬದುರಾದವು.

ಅರಿಜೋನಾ ಕನ್ನಡಿಗರಿಗೆ ಊರಿಂದ ಬಂದ ಅಪ್ಪ ಅಮ್ಮನಿಗೆ ಗ್ರ್ಯಾಂಡ್ ಕ್ಯಾನ್ಯನ್ ತೋರಿಸುವುದು ಕರ್ತವ್ಯ, ಮಾನ್ಯುಮೆಂಟ್ ವ್ಯಾಲಿ ತೋರಿಸುವುದು ಪ್ರತಿಷ್ಠೆ. ಪ್ರತಿಷ್ಠೆಗಾಗಿ ಐದಾರು ಗಂಟೆ ಕಾರು ಓಡಿಸಿದೆ. "ಬಂಡೆ ನೋಡೋಕೆ ಇಷ್ಟು ದೂರ ಬರಬೇಕಿತ್ತೇನೋ? ಮಧುಗಿರಿ ಬೆಟ್ಟ ಎಲ್ಲಿಗೆ ಹೋಗಿತ್ತು?" ಅಂದರು ಅಮ್ಮ. ಅವರ ಮನಸ್ಸು ಬಂಡೆಯ ಮೇಲಿರಲಿಲ್ಲ, ತಂಗಿಯ ಮೊಮ್ಮಗಳ ನಾಮಕರಣದ ಮೇಲಿತ್ತು. ಬೆಳಿಗ್ಗೆ 7 ಗಂಟೆ 10 ನಿಮಿಷಕ್ಕೆ ಮುಹೂರ್ತ, ವಾಟ್ಸಾಪ್‌ನಲ್ಲಿ ನೇರಪ್ರಸಾರ.

ಮುಹೂರ್ತ ನಮ್ಮಲ್ಲಿ ಎಷ್ಟು ಗಂಟೆಗೆ ಎಂಬುದೇ ಮೊದಲ ತಕರಾರು. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವ ಪದ್ಧತಿ ಅರಿಜೋನಾದಲ್ಲಿಲ್ಲ. ಆದರೆ ಅದೇ ರಾಜ್ಯದೊಳಗಿರುವ ನವಾಹೊ ನಾಡಿನಲ್ಲಿದೆ. ಆ ನಾಡಿನ ನಡುವೆ ದ್ವೀಪದಂತಿರುವ ಹೋಪಿ ಜನರ ಸೀಮೆಯಲ್ಲಿ ಮತ್ತೆ ಇಲ್ಲ. ದಾರಿಯುದ್ದಕ್ಕೂ ನನ್ನ ಫೋನು ಒಂದು ಗಂಟೆ ಮುಂದೆ, ಒಂದು ಗಂಟೆ ಹಿಂದೆ ಜೀಕುತ್ತಿತ್ತು. ಅಪ್ಪನ ಎಚ್‌ಎಂಟಿ ಮಾತ್ರ ತಿಪಟೂರಿನ ಸಮಯ ಬಿಟ್ಟು ಕದಲಿರಲಿಲ್ಲ. ಅದನ್ನೇ ನಂಬಿ ಲೆಕ್ಕ ಹಾಕಿದೆವು: ನವಾಹೊ ಸಮಯ ಸಂಜೆ 7 ಗಂಟೆ 40 ನಿಮಿಷ.

ಮೋಟೆಲ್ ಸೇರಿದಾಗ ಏಳು ದಾಟಿತ್ತು. ನನ್ನ ಹೆಂಡತಿ ಕಾದಿರಿಸಿದ್ದು ಎರಡು ಕೋಣೆ, 114 ನಮಗೆ, 115 ಅಪ್ಪ ಅಮ್ಮನಿಗೆ. ಫೋನಿನಲ್ಲಿ ಸಿಗ್ನಲ್ ಸೊನ್ನೆ. ವೈಫೈ ಇತ್ತು, ಬೀಗ ಇಲ್ಲದ್ದು. ಅಮ್ಮನ ಫೋನು ಕೂಡಲೇ ಸೇರಿಕೊಂಡಿತು, ಮೂರು ಗೆರೆಯ ಬೀಸಣಿಗೆಯೂ ಮೂಡಿತು. ವಾಟ್ಸಾಪ್ ಮಾತ್ರ ಸುತ್ತುತ್ತಲೇ ಇತ್ತು.

"ಸೇರಿಸ್ಕೊಂಡಿದ್ದಾರೆ, ಮಾತಾಡಿಸ್ತಾ ಇಲ್ಲ," ಎಂದರು ಅಮ್ಮ. ಹೊಸ ಸೊಸೆಯ ವಿಚಾರದಲ್ಲಿ ಇಂಥ ಮಾತು ಕೇಳಿದ್ದೆ. ವೈಫೈಗೂ ಸರಿಹೊಂದಿತು.

ಇಂಥ ಜಾಲ ಮದುವೆ ಛತ್ರವಿದ್ದಂತೆ. ಒಳಗೆ ಯಾರು ಬೇಕಾದರೂ ಬರಬಹುದು, ಆದರೆ ಊಟದ ಮನೆಯ ಬಾಗಿಲಲ್ಲಿ ಒಬ್ಬ ಸೋದರಮಾವ ನಿಂತಿರುತ್ತಾನೆ. ನೀವು ಪಾಯಸ ಕೇಳಿ, ಕೋಸಂಬರಿ ಕೇಳಿ, ಅವನದು ಒಂದೇ ಪ್ರಶ್ನೆ: "ಯಾರ ಕಡೆಯವರು?" ಯಾವ ವೆಬ್‌ಸೈಟ್ ಕೇಳಿದರೂ ಗೇಟ್‌ವೇ ತನ್ನ ಲಾಗಿನ್ ಪುಟವನ್ನೇ ಮುಂದೆ ಹಿಡಿಯುತ್ತದೆ. ಆದರೆ ಅಮ್ಮನ ಫೋನಿನಲ್ಲಿ ಆ ಪುಟವೇ ಬರುತ್ತಿರಲಿಲ್ಲ.

"ಅಪ್ಪಾ, ಹಳೇ ಎಚ್‌ಟಿಟಿಪಿ ಪೋಸ್ಟ್‌ಕಾರ್ಡ್ ಇದ್ದ ಹಾಗೆ. ನಡುವೆ ನಿಂತವರು ಓದಬಹುದು, ಬದಲಿಗೆ ಬೇರೆ ಕಾರ್ಡ್ ಕೊಡಬಹುದು. ಈಗ ಎಲ್ಲ ಎಚ್‌ಟಿಟಿಪಿಎಸ್, ಅರಗಿನ ಮುದ್ರೆ ಹಾಕಿದ ಲಕೋಟೆ. ಬಾಗಿಲಲ್ಲಿರೋನು ಕೈ ಹಾಕಿದರೆ ಬ್ರೌಸರ್ ಮೋಸ ಅಂತ ಕೂಗಿಕೊಳ್ಳತ್ತೆ."

"ಹಾಗಾದ್ರೆ ಕಾರ್ಡ್ ಬರಿ," ಅಂದರು ಅಪ್ಪ.

ಸರಿಯಾದ ಉಪಾಯ ಅದೇ. ಮುದ್ರೆ ಹಾಕದ ಪುಟ ಕೊಡುವುದಕ್ಕೆಂದೇ ನೆವರ್ ಎಸ್‌ಎಸ್‌ಎಲ್ ಎಂಬ ತಾಣವಿದೆ. ತೆರೆದೆ. ಬರಲಿಲ್ಲ. ಫೋನು ತಾನಾಗಿಯೇ ಕಂಡುಹಿಡಿಯಬೇಕಲ್ಲ ಎಂದು ಗೊಣಗಿದೆ. ಆಂಡ್ರಾಯ್ಡ್ ಫೋನು ಹೊಸ ಜಾಲ ಸೇರಿದಾಗ ಗೂಗಲ್‌ಗೆ ಒಂದು ಸಣ್ಣ ವಿನಂತಿ ಕಳಿಸುತ್ತದೆ. 204 ಎಂಬ ಸಂಖ್ಯೆ ಹೊತ್ತು ಖಾಲಿ ಉತ್ತರ ಬಂದರೆ ದಾರಿ ಸುಗಮ, ಏನಾದರೂ ತುಂಬಿಕೊಂಡು ಬಂದರೆ ನಡುವೆ ಯಾರೋ ನಿಂತಿದ್ದಾರೆ ಎಂದರ್ಥ.

"ನಿಲ್ ರಿಪೋರ್ಟ್!" ಅಪ್ಪನ ಮುಖ ಅರಳಿತು. "ನಮ್ಮಲ್ಲೂ ತಿಂಗಳಿಗೊಂದು ಕಳಿಸ್ತಿದ್ವಿ. ಏನೂ ಇಲ್ಲ ಅಂತ ಬರೆದು ಕಳಿಸದಿದ್ರೆ ಏನೋ ಇದೆ ಅಂತ ಮೆಮೊ ಬರೋದು."

ಆಮೇಲೆ ನೆನಪಾಯಿತು. ಜಾಹೀರಾತು ತಡೆಯಲೆಂದು ಅಮ್ಮನ ಫೋನಿಗೆ ಪ್ರೈವೇಟ್ ಡಿಎನ್‌ಎಸ್ ಹಾಕಿಕೊಟ್ಟವನು ನಾನೇ. ಅದು ಮೋಟೆಲ್ಲಿನ ವಿಳಾಸಪುಸ್ತಕ ಮುಟ್ಟದೆ ಹೊರಗಿನದೇ ಬೇಕೆಂದು ಹಟ ಹಿಡಿದಿತ್ತು. ಲಾಗಿನ್ ಆಗದೆ ಹೊರಗೆ ಹೋಗುವಂತಿಲ್ಲ, ಹೊರಗೆ ಹೋಗದೆ ಲಾಗಿನ್ ಪುಟ ಸಿಗುವಂತಿಲ್ಲ. ನನ್ನ ಆಫೀಸು ಲ್ಯಾಪ್‌ಟಾಪಿನ ವಿಪಿಎನ್ನಿನದೂ ಇದೇ ಕಥೆ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಡಿಎನ್‌ಎಸ್ ಆಫ್ ಮಾಡಿದೆ. ಪುಟ ಧುತ್ತೆಂದು ಬಂತು. ಅದರಲ್ಲಿದ್ದದ್ದು ಎರಡೇ ಚೌಕ: ರೂಮ್ ನಂಬರ್, ಲಾಸ್ಟ್ ನೇಮ್.

ತಂತ್ರಜ್ಞಾನ ಮುಗಿದು ನಿಜವಾದ ಕಷ್ಟ ಶುರುವಾದದ್ದು ಅಲ್ಲಿಂದ.

ಮೈಸೂರು ಸೀಮೆಯವರಿಗೆ ಲಾಸ್ಟ್ ನೇಮ್ ಎಂದರೇನು? ನಮ್ಮ ಹೆಸರು ಶುರುವಾಗುವುದೇ ಊರಿನ ಮೊದಲಕ್ಷರದಿಂದ, ಆಮೇಲೆ ಅಪ್ಪನದು, ಕೊನೆಗೆ ನಾವು. ನನ್ನ ಹೆಸರಿನ ಮುಂದಿದ್ದ ಟಿ ಅಮೆರಿಕಕ್ಕೆ ಬಂದು ಬಿಚ್ಚಿಕೊಂಡು ತಿಪಟೂರು ಎಂದು ಹಿಂದೆ ಹೋಗಿ ನಿಂತಿದೆ. ಬ್ಯಾಂಕಿನವರು ನನ್ನನ್ನು 'ಮಿಸ್ಟರ್ ಟಿಪ್ಟರ್' ಅನ್ನುತ್ತಾರೆ. ಹೆಂಡತಿಯ ಲಾಸ್ಟ್ ನೇಮ್ ನನ್ನ ಮಾವನವರು. ಅಪ್ಪನ ಲಾಸ್ಟ್ ನೇಮ್ ನನ್ನ ತಾತ. ಒಂದೇ ಮನೆಯ ನಾವು ಈ ಚೌಕದೊಳಗೆ ಪರಸ್ಪರ ಗುರುತಿಲ್ಲದವರು.

115ರ ಜೊತೆ ಟಿಪ್ಟರ್ ಹಾಕಿದೆ, ತಪ್ಪು. ಮಾವನವರನ್ನು ಹಾಕಿದೆ, ತಪ್ಪು. ತಾತನನ್ನು ಒಂದು ಎ, ಎರಡು ಎ ಹಾಕಿ ಎರಡು ಸಲ ಸ್ಮರಿಸಿದೆ, ಎರಡೂ ತಪ್ಪು. ನಮ್ಮ 114 ಸಲೀಸಾಗಿ ತೆರೆಯಿತು, ಆದರೆ ಕೋಣೆಗೆ ಎರಡೇ ಉಪಕರಣ. ಮಗಳ ಟ್ಯಾಬ್ಲೆಟ್ಟೂ ಹೆಂಡತಿಯ ಫೋನೂ ಆಗಲೇ ಎಲೆ ಹಾಕಿಸಿಕೊಂಡು ಕೂತಿದ್ದವು. ಟ್ಯಾಬ್ಲೆಟ್ ಕಿತ್ತುಕೊಳ್ಳುವ ಧೈರ್ಯ ಇದ್ದಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು.

ಅಮ್ಮನದು ಉಳಿಯಿತು. ಅವರ ಪಾಸ್‌ಪೋರ್ಟಿನಲ್ಲಿ ಇರುವುದೇ ಒಂದು ಹೆಸರು, ಸರೋಜಮ್ಮ. ಒಂದೇ ಹೆಸರಿನವರನ್ನು ಅಮೆರಿಕದ ವೀಸಾ ಸುಮ್ಮನೆ ಬಿಡುವುದಿಲ್ಲ. ಇರುವ ಹೆಸರನ್ನು ಕೊನೆಗೆ ತಳ್ಳಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಹಾಕುತ್ತದೆ, ಮೊದಲ ಹೆಸರು ಗೊತ್ತಿಲ್ಲ ಎಂದರ್ಥ. ವಿಮಾನ ನಿಲ್ದಾಣದಲ್ಲಿ "ಫ್ನೂ? ಫ್ನೂ?" ಎಂದು ಕೂಗಿದಾಗ ಅಮ್ಮ ಯಾರಿಗೋ ಸೀನು ಬಂತೆಂದುಕೊಂಡು "ನೂರು ವರ್ಷ" ಅಂದಿದ್ದರು. ಸರೋಜಮ್ಮ ಹಾಕಿದೆ. ಫ್ನೂ ಹಾಕಿದೆ. ಎರಡೂ ತಪ್ಪು. ಗಂಟೆ 7:31.

"ನೀನು ಹೆಸರು ಸರಿಯಾಗಿ ಬರೀತಿದೀಯ, ಅದೇ ತಪ್ಪು," ಅಂದರು ಅಪ್ಪ. "ಕಾಗದ ತಲುಪಬೇಕಾದ್ರೆ ಇರೋ ಹೆಸರು ಯಾವುದು ಅಂತ ನೋಡಬಾರದು. ಕವರಿನ ಮೇಲೆ ಅವರು ಏನು ಗೀಚಿದ್ದಾರೆ, ಅದು ನೋಡಬೇಕು."

ಕೌಂಟರಿಗೆ ಓಡಿದೆವು. ಅಲ್ಲಿದ್ದ ನವಾಹೊ ಹೆಂಗಸು ಪರದೆ ನೋಡಿ ನಕ್ಕರು. ಸಂಜೆ ನಾನು ಕಾರು ನಿಲ್ಲಿಸಲು ಹೋಗಿದ್ದಾಗ, ಅಪ್ಪ ಪಿಕ್ಚರ್ ಪೋಸ್ಟ್‌ಕಾರ್ಡ್ ಆರಿಸುತ್ತಿದ್ದಾಗ, 115ಕ್ಕೆ ಯಾರ ಹೆಸರು ಬರೆಯಲಿ ಎಂದು ಅವರು ಕೇಳಿದ್ದು ಅಮ್ಮನನ್ನು. ಅಮ್ಮ ಬಿಡಿಸಿ ಬಿಡಿಸಿ ಹೇಳಿದ್ದರಂತೆ: "ಸರೋಜ... ಅಮ್ಮ." ಅವರು ಹಾಗೆಯೇ ಬರೆದುಕೊಂಡಿದ್ದರು. ಫಸ್ಟ್ ನೇಮ್ ಸರೋಜ. ಲಾಸ್ಟ್ ನೇಮ್ ಅಮ್ಮ.

ಆ ಪದದ ಅರ್ಥ ಹೇಳಿದೆ. ತಮ್ಮ ಜನರೂ ಪರಿಚಯ ಹೇಳಿಕೊಳ್ಳುವಾಗ ಮೊದಲು ತಾಯಿಯ ಕುಲ, ಆಮೇಲೆ ತಂದೆಯ ಕುಲ ಹೇಳುತ್ತಾರೆ ಎಂದರು. ಅಪ್ಪ ಗೋತ್ರ ಪ್ರವರ ಶುರುಮಾಡುವಷ್ಟರಲ್ಲಿ ಅವರ ರಟ್ಟೆ ಹಿಡಿದು ಎಳೆದುಕೊಂಡು ಬಂದೆ.

ಎ, ಎಂ, ಎಂ, ಎ. ಪರದೆ ಹಸಿರಾಯಿತು: ವೆಲ್‌ಕಮ್, ಅಮ್ಮ.

"ಎಷ್ಟು ಮರ್ಯಾದೆ ನೋಡು," ಎಂದು ಅಮ್ಮ ಸೊಸೆಗೆ ತೋರಿಸಿದರು.

ತಿಪಟೂರು ಕಂಡಿತು. ತಟ್ಟೆಯಲ್ಲಿ ಅಕ್ಕಿ, ಉಂಗುರ ಹಿಡಿದ ಕೈ, ತೊಟ್ಟಿಲ ಬಟ್ಟೆ, ಯಾರದೋ ಮೊಣಕೈ. ಚಿಕ್ಕಮ್ಮ ಮಗುವಿನ ಕಿವಿಯ ಹತ್ತಿರ ಬಾಗಿ ಬಾಯಿ ತೆರೆದರು. ಚಿತ್ರ ಅಲ್ಲೇ ನಿಂತಿತು. ಮೂರು ನಿಮಿಷ ನಾವು ಚಿಕ್ಕಮ್ಮನ ತೆರೆದ ಬಾಯನ್ನೇ ನೋಡುತ್ತ ಕುಳಿತೆವು. ಮತ್ತೆ ಚಲಿಸುವಾಗ ಎಲ್ಲರೂ ಎಲೆ ಮುಂದಿದ್ದರು.

ಮರುದಿನ ಬೆಳಿಗ್ಗೆ ಗೇಟ್‌ವೇ ಎಲ್ಲರನ್ನೂ ಮರೆತು ಮತ್ತೆ ಹೆಸರು ಕೇಳುತ್ತಿತ್ತು. ಕಾಫಿಗೆಂದು ಹೋದರೆ ಲಾಬಿಯಲ್ಲಿ ಅಪ್ಪ, ಪಕ್ಕದಲ್ಲಿ ಫೋನು ಹಿಡಿದು ಬೆವರುತ್ತಿದ್ದ ಒಬ್ಬ ತೆಲುಗು ತಾತ.

"ಇಂಟಿ ಪೇರು ಹಾಕಿದ್ರಾ?" ಅಪ್ಪ ತನಿಖೆ ನಡೆಸಿದ್ದರು.

"ಹಾಕಿದೆ. ಮಗನದು ಹಾಕಿದೆ, ಅಳಿಯನದೂ ಹಾಕಿದೆ."

"ಅದೆಲ್ಲ ಬಿಡಿ. ನಿನ್ನೆ ಕೌಂಟರಲ್ಲಿ ಮೊದಲು ಬಾಯಿ ಬಿಟ್ಟೋರು ಯಾರು?"

"ನಮ್ಮ ಮನೆಯವಳು."

"ಸರಿ," ಎಂದು ಅಪ್ಪ ಕನ್ನಡಕ ಏರಿಸಿ ಅವರ ಫೋನು ತೆಗೆದುಕೊಂಡರು. "ಅವರು ಏನಂದ್ರು, ಅದು ಹೇಳಿ."