ದಫೇದಾರ್ರ ರಜಾ ದಿನ

ಸೋಸಲೆಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರಿಲ್ಲ. ಇಲಾಖೆಯ ಕಡತದಲ್ಲಿ ಹೆಡ್ ಕಾನ್‌ಸ್ಟೆಬಲ್, ಊರಿನ ಬಾಯಲ್ಲಿ ದಫೇದಾರ್ರು. ಕಾವೇರಿ ದಂಡೆಯ ಈ ಊರಿನಲ್ಲಿ ವ್ಯಾಸರಾಜ ಮಠದ ಸ್ವಾಮಿಗಳನ್ನು ಬಿಟ್ಟರೆ ಪದವಿಯಿಂದಲೇ ಗುರುತಾಗುವವರು ತಾವೊಬ್ಬರೇ ಎಂಬುದು ಅವರ ಅಂಬೋಣ. ಇಂಥ ದಫೇದಾರ್ರು ಬನ್ನೂರಿನಲ್ಲೂ ಇದ್ದಾರೆ, ತಲಕಾಡಿನಲ್ಲೂ ಇದ್ದಾರೆ, ನಂಜನಗೂಡಿನಲ್ಲಂತೂ ಬಡಾವಣೆಗೊಬ್ಬರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಹೊಣೆ ನನ್ನದಲ್ಲ.

ಸಮವಸ್ತ್ರದಲ್ಲಿರುವ ದಫೇದಾರ್ರನ್ನು ಕಂಡವರು, ಈ ಮನುಷ್ಯನಿಗೆ ಯಾಕಪ್ಪ ಇಷ್ಟು ಹೆದರುತ್ತಾರೆ ಅಂದುಕೊಂಡಾರು. ಸ್ಟೇಷನ್ನಿನಲ್ಲಿ ಅವರ ಮೇಲೆ ಎಎಸ್‌ಐ, ಅವರ ಮೇಲೆ ಪಿಎಸ್‌ಐ, ಇನ್ನೂ ಮೇಲೆ ಇನ್‌ಸ್ಪೆಕ್ಟರು, ಡಿವೈಎಸ್‌ಪಿ, ಎಸ್‌ಪಿ. ಫೋನಿನಲ್ಲಿ ಸಾಹೇಬರ ದನಿ ಕೇಳಿದರೂ ಸಾಕು, ಬಾಯಲ್ಲಿದ್ದ ಇಡ್ಲಿಯನ್ನು ಕೆನ್ನೆಗೆ ಸರಿಸಿ ಎದ್ದು ನಿಲ್ಲುತ್ತಾರೆ. ಎದೆಯ ಮೇಲಿನ ಬಿಲ್ಲೆ ಡ್ಯೂಟಿಯಲ್ಲಿ ಅವರಿಂದ ಸೆಲ್ಯೂಟ್ ಹೊಡೆಸುತ್ತದೆ, ರಜೆಯಲ್ಲಿ ಅವರಿಗೆ ಹೊಡೆಸುತ್ತದೆ. ಹೀಗಾಗಿ ಅವರು ಮೈತುಂಬ ಪೊಲೀಸ್ ಆಗುವುದು ರಜೆಯ ದಿನ.

ಅಂದು ಅವರು ಮಫ್ತಿ. ಬಿಳಿ ಪಂಚೆ, ತೆಳುವಾದ ಬಿಳಿ ಅರೆತೋಳಿನ ಅಂಗಿ, ಪಂಚೆಯ ಕೆಳಗೆ ಇಲಾಖೆಯ ಕೆಂಪು ಬೂಟು. ಅಂಗಿ ತೆಳುವಾಗಿರುವುದಕ್ಕೆ ಕಾರಣವಿದೆ. ಎದೆಯ ಜೇಬಿನಲ್ಲಿರುವ ಗುರುತಿನ ಚೀಟಿಯ ಗಂಡಭೇರುಂಡ ಬಟ್ಟೆಯ ಮೂಲಕ ಅರ್ಧಂಬರ್ಧ ಕಾಣಬೇಕು. ಪೂರ್ತಿ ಕಂಡರೆ ತೋರಿಸಿಕೊಂಡಂತಾಗುತ್ತದೆ, ಕಾಣದಿದ್ದರೆ ಇಟ್ಟುಕೊಂಡು ಫಲವಿಲ್ಲ. ಹೋಟೆಲಿನಲ್ಲಿ ಚಿಲ್ಲರೆಗೆಂದು ಜೇಬಿಗೆ ಕೈಹಾಕಿದರೆ ಮೊದಲು ಬರುವುದು ಚೀಟಿ. ಹಿಂದೆಯೇ ಬರಬೇಕಾದ ಚಿಲ್ಲರೆ ಬರುವಷ್ಟರಲ್ಲಿ ಗಲ್ಲಾಪೆಟ್ಟಿಗೆಯ ಹಿಂದಿನಿಂದ, ‘ಇರ್ಲಿ ಬುಡಣ್ಣ’ ಎಂಬ ಮಾತು ಬಂದಿರುತ್ತದೆ.

ಅವರ ಬೈಕಿಗೆ ಮುಂದೊಂದು, ಹಿಂದೊಂದು ಕೆಂಪು-ನೀಲಿ ‘ಪೊಲೀಸ್’ ಸ್ಟಿಕ್ಕರು. ಹೆಲ್ಮೆಟ್ಟಿನ ಮೇಲೂ ಒಂದಿದೆ. ಆ ಹೆಲ್ಮೆಟ್ ಸದಾ ಬೈಕಿನ ಕನ್ನಡಿಯ ತಲೆ ಕಾಯುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಹೆಲ್ಮೆಟ್‌ನಿಂದ ವಿನಾಯಿತಿ ಕೊಟ್ಟಿರುವುದು ಪೇಟ ಧರಿಸುವ ಸಿಖ್ಖರಿಗೆ, ಸೋಸಲೆಯ ದಫೇದಾರ್ರಿಗಲ್ಲ. 2019ರ ತಿದ್ದುಪಡಿಯಂತೂ 210ಬಿ ಎಂಬ ಹೊಸ ಕಲಮು ಸೇರಿಸಿ, ಈ ಕಾನೂನನ್ನು ಜಾರಿ ಮಾಡಬೇಕಾದವರೇ ಮುರಿದರೆ ದಂಡ ಎರಡು ಪಟ್ಟು ಎಂದಿತು. ಅರಳಿಕಟ್ಟೆಯಲ್ಲಿ ಕಾಲೇಜು ಹುಡುಗನೊಬ್ಬ ಇದನ್ನು ಮೊಬೈಲಿನಲ್ಲಿ ಓದಿ ಹೇಳಿದಾಗ ದಫೇದಾರ್ರು ಬೇಜಾರು ಮಾಡಿಕೊಳ್ಳಲಿಲ್ಲ. ‘ನೋಡ್ದಾ, ಸರ್ಕಾರವೂ ನಮ್ಗೆ ಡಬ್ಬಲ್ ಮರ್ಯಾದೆ ಕೊಟ್ಟದೆ’ ಎಂದರು.

ಸ್ಟಿಕ್ಕರಿನ ವಂಶ ಬೆಳೆಯುತ್ತ ಹೋಗಿದೆ. ಮಗನ ಬೈಕು, ಭಾಮೈದನ ಗೂಡ್ಸ್ ಆಟೊ, ಡೇರಿಗೆ ಹಾಲು ಹಾಕಲು ಹೋಗುವ ಹಳೇ ಮೊಪೆಡ್ಡು ಎಲ್ಲವೂ ಈಗ ಪೊಲೀಸ್ ಇಲಾಖೆಗೆ ಸೇರಿವೆ. ಮಳೆ ಬಂದರೆ ಭಾಮೈದ ಖಾಕಿ ಜರ್ಕಿನ್ ತೊಟ್ಟು ಹೊರಡುತ್ತಾನೆ. ಸರ್ಕಾರಿ ನೌಕರನಲ್ಲದವನು ಜನರನ್ನು ನಂಬಿಸಲೆಂದು ಅಂಥ ಉಡುಪನ್ನೋ ಬಿಲ್ಲೆಯನ್ನೋ ಧರಿಸುವುದು ಹಿಂದೆ ದಂಡಸಂಹಿತೆಯ 171ನೇ ಕಲಮಿನ ಅಪರಾಧವಾಗಿತ್ತು, ಈಗ ಭಾರತೀಯ ನ್ಯಾಯಸಂಹಿತೆಯ 205ನೆಯದು. ಭಾಮೈದನನ್ನು ಕೇಳಿದರೆ, ‘ನಾನ್ಯಾರನ್ನ ನಂಬುಸ್ದೆ? ಅವ್ರೇ ನಂಬ್ಕಂಡ್ರು’ ಎನ್ನುತ್ತಾನೆ.

2025ರ ಅಕ್ಟೋಬರಿನಲ್ಲಿ ರಾಜ್ಯದ ಪೊಲೀಸರ ಸ್ಲೋಚ್ ಹ್ಯಾಟ್ ಹೋಗಿ ಕಡುನೀಲಿ ಪೀಕ್ ಕ್ಯಾಪ್ ಬಂತು. ದಶಕಗಳ ಕಾಲ ಬಿಸಿಲು ಮಳೆ ತಿಂದ ಹಳೆಯ ಟೋಪಿಗಳು ಮಿಕ್ಕ ಕಡೆ ಅಟ್ಟ ಸೇರಿರಬಹುದು. ದಫೇದಾರ್ರದು ಮಾತ್ರ ಅಳಿಯನ ಕಾರಿನ ಡ್ಯಾಶ್‌ಬೋರ್ಡಿಗೆ ವರ್ಗವಾಗಿ, ಗಾಜಿನ ಹಿಂದಿನಿಂದ ಎದುರಿನ ವಾಹನಗಳ ಮೇಲೆ ನಿಗಾ ಇಟ್ಟಿದೆ.

ಅದೇ ಕಾರಿನಲ್ಲಿ ಒಮ್ಮೆ ಮೈಸೂರಿನಿಂದ ನಂಜನಗೂಡಿಗೆ, ಶ್ರೀಕಂಠೇಶ್ವರನ ದರ್ಶನಕ್ಕೆಂದು ಸಂಸಾರ ಸಮೇತ ಹೊರಟರು. ಕಡಕೊಳದ ಟೋಲ್ ಬರುವ ಮುಂಚೆಯೇ ದಫೇದಾರ್ರು ಗಾಜು ಇಳಿಸಿ, ಕಂಠ ಸರಿಮಾಡಿಕೊಂಡು, ಚೀಟಿಯನ್ನು ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಂಡರು. ಟೋಲಿನ 2008ರ ನಿಯಮಗಳಲ್ಲಿ ಪೊಲೀಸರಿಗೆ ವಿನಾಯಿತಿ ಇರುವುದು ನಿಜ. ಅದು ಸರ್ಕಾರಿ ಕೆಲಸದ ಮೇಲಿರುವ ವಾಹನಕ್ಕೆ. ಪುಳಿಯೋಗರೆ ಡಬ್ಬಿ, ಇಬ್ಬರು ಮೊಮ್ಮಕ್ಕಳು ಮತ್ತು ಬೀಗಿತ್ತಿಯನ್ನು ಹೊತ್ತ ವಾಹನಕ್ಕಲ್ಲ. ಆ ಚರ್ಚೆಗೆ ಎಡೆಯೇ ಸಿಗಲಿಲ್ಲ. ಕೈ ಕಿಟಕಿಯಿಂದ ಹೊರಗೆ ಬಂದು, ‘ಸ್ಟಾಫ್’ ಎಂಬ ಮಾತಿನ ‘ಸ್ಟಾ’ ಮುಗಿಯುವಷ್ಟರಲ್ಲಿ ಮೇಲಿನ ಯಂತ್ರ ಫಾಸ್ಟ್ಯಾಗ್ ಓದಿ, ಅಡ್ಡಗಂಬ ಎದ್ದು, ಅಳಿಯನ ಮೊಬೈಲು ಟಿಣ್ ಎಂದಿತು.

‘ದುಡ್ಡು ಕಟ್ಟಾಯ್ತು ಮಾವ.’

‘ಅವುಕ್ಕೆ ಹೇಳೋರು ಕೇಳೋರು ಯಾರೂ ಇಲ್ವಾ?’ ಎಂದರು ದಫೇದಾರ್ರು. ನಂಜನಗೂಡು ಮುಟ್ಟುವವರೆಗೆ ಮಾತಿಲ್ಲ. ಬೂತಿನ ಹುಡುಗ ಜಗಳಕ್ಕೆ ನಿಂತಿದ್ದರೂ ಅವರಿಗೆ ಇಷ್ಟು ನೋವಾಗುತ್ತಿರಲಿಲ್ಲ. ಜಗಳದಲ್ಲಿ ಕೊನೇಪಕ್ಷ ‘ನಾನ್ಯಾರು ಗೊತ್ತಾ?’ ಎಂದು ಕೇಳಬಹುದು.

ಬಸ್ಸಿನ ಸಂಕಟ ಬೇರೆ. ನರಸೀಪುರದಿಂದ ಮೈಸೂರಿಗೆ ಹೋಗುವ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರು ಬಳಿಗೆ ಬಂದಾಗ ಗದ್ದವನ್ನು ತುಸು ಎತ್ತಿ, ತುಟಿ ಅಲುಗಿಸದೆ ‘ಸ್ಟಾಫ್’ ಎನ್ನುವ ವಿದ್ಯೆ ಅವರಿಗೆ ಕರಗತ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಆ ವಿದ್ಯೆಯ ಬೆಲೆ ಇಳಿಯಿತು. ಇಷ್ಟು ವರ್ಷದ ಸರ್ವೀಸಿನಿಂದ ತಾವು ಗಳಿಸಿದ್ದನ್ನು ಹೆಂಡತಿ ಆಧಾರ್ ಕಾರ್ಡ್ ತೋರಿಸಿ ಗಳಿಸಿಬಿಟ್ಟರು, ಅದೂ ಶೂನ್ಯ ದರದ ಟಿಕೆಟ್ ಸಮೇತ. ಒಂದು ದಿನ ದಾರಿಯಲ್ಲಿ ಚೆಕ್ಕಿಂಗ್‌ನವರು ಹತ್ತಿದರು. ಹೆಂಡತಿ ಚೀಟಿ ತೋರಿಸಿದರು. ದಫೇದಾರ್ರು ಗದ್ದ ತೋರಿಸಿದರು.

‘ಸ್ಟಾಫ್.’

‘ಯಾವ ಡಿಪೋ?’

ಸುತ್ತಲಿನ ಸೀಟಿನವರೆಲ್ಲ ತಿರುಗಿದರು. ‘ಏನೂಂದ್ರೆ, ನಂಗೆ ಚೀಟಿ ಕೊಟ್ರಲ್ಲ, ನಿಮ್ಗ್ಯಾಕೆ ಕೊಡ್ನಿಲ್ಲ?’ ಎಂದು ಹೆಂಡತಿ ಕೇಳಿದ್ದು ಡ್ರೈವರಿಗೂ ಕೇಳಿಸಿತು.

ಇಷ್ಟಾದರೂ ದಫೇದಾರ್ರ ಬಳಿ ಒಂದು ಹಳೆಯ ಶಾಸನದ ಬಲವಿದೆ. ಪೊಲೀಸ್ ಅಧಿಕಾರಿಯನ್ನು ಸದಾ ಕರ್ತವ್ಯದಲ್ಲಿರುವವನೆಂದೇ ಎಣಿಸಬೇಕು ಎಂದು ಬ್ರಿಟಿಷರ 1861ರ ಪೊಲೀಸ್ ಕಾಯ್ದೆಯ 22ನೇ ಕಲಮು ಹೇಳಿತ್ತು. ‘ಪೊಲೀಸು ಇಪ್ಪತ್ನಾಕು ಗಂಟೆನೂ ಪೊಲೀಸೇ’ ಎಂದು ಅವರು ಕ್ಷೌರದಂಗಡಿಯಲ್ಲಿ ಕ್ಯೂ ತಪ್ಪಿಸಿ ಕುರ್ಚಿಯಲ್ಲಿ ಕೂರುತ್ತ ಹೇಳುತ್ತಾರೆ. ಆದರೆ ಹಿಂದಿನ ಬೀದಿಯಲ್ಲಿ ಬೇಲಿ ಒತ್ತುವರಿಗೆ ಅಣ್ಣತಮ್ಮಂದಿರು ಮಚ್ಚು ಹಿಡಿದು ನಿಂತಾಗ ಯಾರಾದರೂ ಓಡಿಬಂದು ಕರೆಯಲಿ, ಇಪ್ಪತ್ನಾಲ್ಕು ಗಂಟೆ ಅಲ್ಲಿಗೇ ಮುಗಿಯುತ್ತದೆ. ‘ಅದು ಸಿವಿಲ್ ಮ್ಯಾಟ್ರು ಕಣಪ್ಪ. ನಾನು ರಜದಲ್ಲಿವ್ನಿ, 112ಕ್ಕೆ ಮಾಡಿ.’

ಹಾಗೆಂದು ಅವರ ರಜೆಯನ್ನು ಹಂಗಿಸುವಂತೆಯೂ ಇಲ್ಲ. ಇಲಾಖೆಯಲ್ಲಿ ರಜೆ ಸುಲಭಕ್ಕೆ ಸಿಗುವ ವಸ್ತುವಲ್ಲ. ಸಂಬಳ, ಕೆಲಸದ ಹೊತ್ತು, ರಜೆ ಮುಂತಾದ ಬೇಡಿಕೆಗಳನ್ನಿಟ್ಟು ರಾಜ್ಯದ ಪೊಲೀಸರೇ 2016ರ ಜೂನ್ 4ಕ್ಕೆ ಸಾಮೂಹಿಕ ರಜೆ ಹಾಕುತ್ತೇವೆಂದು ಹೊರಟಿದ್ದರು. ರಜೆ ಸಿಗುವುದಿಲ್ಲವೆಂದು ಹೇಳಲು ರಜೆಯನ್ನೇ ಕೇಳಬೇಕಾದ ಇಲಾಖೆ ಅದು. ದಸರೆ ಬಂತೆಂದರೆ ಮೈಸೂರಿನ ಬಂದೋಬಸ್ತ್, ಚುನಾವಣೆ ಬಂದರೆ ಮತಗಟ್ಟೆ, ಜಾತ್ರೆ ಬಂದರೆ ತೇರಿನ ಮುಂದೆ. ಮಗಳ ಲಗ್ನದ ದಿನವೂ ಧಾರೆಯ ಹೊತ್ತಿಗೆ ಸ್ಟೇಷನ್ನಿನಿಂದ ಫೋನು ಬಂದಿತ್ತೆಂದು ಊರಿಗೆಲ್ಲ ಗೊತ್ತು.

ಅವರ ಖದರು ಕರಗಿದ್ದನ್ನು ಊರು ಕಣ್ಣಾರೆ ಕಂಡದ್ದು 2025ರ ಕುಂಭಮೇಳದಲ್ಲಿ. ಕಾವೇರಿ, ಕಪಿಲೆ ಮತ್ತು ಗುಪ್ತಗಾಮಿನಿ ಸ್ಫಟಿಕ ಸರೋವರ ಕೂಡುವ ತಿರುಮಕೂಡಲಿನಲ್ಲಿ 1989ರಿಂದ ನಡೆದುಬಂದ ಮೇಳ ಅದು. ಮೂರು ವರ್ಷಕ್ಕೊಮ್ಮೆ ಆಗಬೇಕಾದದ್ದು ಕೊರೊನಾ ಕಾಟದಿಂದ ಒಂದು ಸರದಿ ತಪ್ಪಿ, ಆ ಸಲ ಫೆಬ್ರುವರಿ 10ರಿಂದ 12ರವರೆಗೆ ಆಯಿತು. ದಫೇದಾರ್ರಿಗೆ ಸ್ನಾನಘಟ್ಟದ ಹಗ್ಗದ ಬಳಿ ಡ್ಯೂಟಿ. ಭಾಮೈದ ನೆಂಟರ ಒಂದು ದಂಡು ಕಟ್ಟಿಕೊಂಡು, ‘ದಫೇದಾರ್ರ ಕಡೆಯವ್ರು’ ಎಂದು ಹೇಳುತ್ತ ಒಂದೊಂದೇ ಬ್ಯಾರಿಕೇಡ್ ದಾಟಿ ಹಗ್ಗದವರೆಗೂ ಬಂದ. ದಫೇದಾರ್ರ ಬೆನ್ನ ಹಿಂದೆಯೇ ಪಿಎಸ್‌ಐ ನಿಂತಿದ್ದರು.

‘ಯಾರ್ರೀ ನೀವು? ಲೈನಲ್ಲಿ ಬರ್ರೀ!’

‘ನಾ ಕನಾ ಭಾವ!’

‘ಯಾವ ಭಾವನ್ರೀ? ಹಿಂದಕ್ಕೋಗ್ರೀ!’

ಇಡೀ ದಂಡು ಹಿಂದಕ್ಕೆ ಹೋಗಿ ಸರದಿಯ ಬಾಲ ಹಿಡಿಯಿತು. ನಿಯಮ ಪಾಲಿಸಿದ್ದಕ್ಕೆ ಇಲಾಖೆಯಿಂದ ಬಹುಮಾನವೇನೂ ಬರಲಿಲ್ಲ. ಮನೆಯಲ್ಲಿ ಶಿಕ್ಷೆಯಾಯಿತು. ಅಂದು ರಾತ್ರಿ ಅವರು ತಂಗಳು ಮುದ್ದೆಯನ್ನು ತಾವೇ ಬಡಿಸಿಕೊಂಡು ಉಂಡರಂತೆ.

ಊರಿಗೂ ಆ ನಡತೆ ಹಿಡಿಸಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಬಿಟ್ಟಿ ಟೀ ಕುಡಿಯುತ್ತಾರೆ, ಕ್ಯೂ ತಪ್ಪಿಸುತ್ತಾರೆ, ತಲೆಗೆ ಹೆಲ್ಮೆಟ್ ಹಾಕುವುದಿಲ್ಲ ಎಂದು ಕಟ್ಟೆಯ ಮೇಲೆ ಕುಳಿತು ಆಡಿಕೊಳ್ಳುವವರೆಲ್ಲರ ಮೊಬೈಲಿನಲ್ಲೂ ಅವರ ನಂಬರಿದೆ. ಮೈಸೂರಿನ ಸರ್ಕಲ್ಲಿನಲ್ಲಿ ಟ್ರಾಫಿಕ್‌ನವರು ಕೈ ಅಡ್ಡ ಹಿಡಿದರೆ ಲೈಸೆನ್ಸ್ ಹುಡುಕುವ ಮೊದಲು ಆ ನಂಬರು ಹುಡುಕುತ್ತಾರೆ. ‘ಸಾರ್, ಒಂದ್ನಿಮ್ಸ, ನಮ್ಮ ದಫೇದಾರ್ರು ಮಾತಾಡ್ತಾರೆ’ ಎಂದು ಫೋನು ಚಾಚುತ್ತಾರೆ. ರಜೆಯಲ್ಲಿ ಅವರು ಕಾರ್ಡು ತೋರಿಸುವುದು ತಪ್ಪೆಂದು ಊರಿನಲ್ಲಿ ಯಾರಿಗೂ ಅನ್ನಿಸಿಲ್ಲ. ತಮಗಾಗಿ ಸಾಕಷ್ಟು ಸಲ ತೋರಿಸುವುದಿಲ್ಲ ಎಂಬುದೇ ತಕರಾರು. ಟೀ ಅಂಗಡಿಯವನು ಕೊಡುವ ಬಿಟ್ಟಿ ಟೀ ಕೂಡ ಧರ್ಮವಲ್ಲ, ತಿಂಗಳ ಕಂತು.

ದಫೇದಾರ್ರ ನಿವೃತ್ತಿ ಹತ್ತಿರವಾಗುತ್ತಿದೆ. ಅರವತ್ತು ತುಂಬಿದ ತಿಂಗಳು ಲಾಠಿ, ಬಿಲ್ಲೆ, ಗುರುತಿನ ಚೀಟಿ ಎಲ್ಲವನ್ನೂ ಸ್ಟೇಷನ್ನಿಗೆ ಒಪ್ಪಿಸಬೇಕು. ಕಟ್ಟಿದ ಕಂತು ಮುಳುಗೀತೆಂಬ ಚಿಂತೆ ಟೀ ಅಂಗಡಿಯವನಿಗೆ. ಮೊನ್ನೆ ಲೋಟ ಮುಂದಿಡುತ್ತ ಕೇಳಿಯೇಬಿಟ್ಟ.

‘ನೀವು ರಿಟೈರಾದ್ರೆ ನಮ್ಗಿನ್ಯಾರಣ್ಣ ಗತಿ?’

ದಫೇದಾರ್ರು ಒಂದು ಗುಟುಕು ಕುಡಿದು, ಮೀಸೆಗೆ ಹತ್ತಿದ ನೊರೆ ಒರೆಸಿಕೊಂಡರು.

‘ಕಾರ್ಡ್ ವಾಪಸ್ ಇಸ್ಕತಾರೆ ಕನ್ಲಾ. ಮಕ ಇಸ್ಕಂಡಾರಾ?’